ಟಾಸ್ಕ್ ಆ್ಯಪ್‌ನಲ್ಲಿ ಗಡುವಿನ ತಾರೀಖು ತಪ್ಪುತ್ತಿದೆಯೇ? ಎಷ್ಟು ತಪ್ಪಿದೆ ಅಂತ ಮೊದಲು ನೋಡಿ

ಪ್ರತಿ ತಿಂಗಳು ಜಿಎಸ್‌ಟಿ 3ಬಿ ರಿಟರ್ನ್ ಸಲ್ಲಿಸುವವರಿಗೆ 20ನೇ ತಾರೀಖು ಕೊನೆಯ ದಿನ. ಆ್ಯಪ್‌ನಲ್ಲಿ ನೀವು 20 ಅಂತಲೇ ಹಾಕಿದ್ದೀರಿ. ಸಂಜೆ ತೆರೆದು ನೋಡಿದರೆ 19 ಅಂತಿದೆ. ಅಥವಾ ನಿಮ್ಮ ಫೋನಿನಲ್ಲಿ 20 ಇದೆ, ಜೊತೆಯವರ ಫೋನಿನಲ್ಲಿ 19. ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಮಾಡುವುದು ಆ್ಯಪ್ ತೆಗೆದು ಮತ್ತೆ ಹಾಕುವುದು. ದಯವಿಟ್ಟು ಹಾಗೆ ಮಾಡಬೇಡಿ. ತಾರೀಖಿನ ದೋಷ ಅದರಿಂದ ಸರಿಹೋಗುವುದು ಕಡಿಮೆ. ಸಿಂಕ್ ಆಗದೆ ಫೋನಿನಲ್ಲೇ ಉಳಿದಿದ್ದ ಕೆಲಸಗಳು ಅಳಿಸಿಹೋಗುವ ಅಪಾಯ ಮಾತ್ರ ಇದೆ.

ತಾರೀಖಿನ ದೋಷಗಳಲ್ಲಿ ಒಂದು ಅನುಕೂಲ ಇದೆ. ಎಷ್ಟು ತಪ್ಪಿದೆ ಅನ್ನುವುದೇ ಯಾಕೆ ತಪ್ಪಿದೆ ಅಂತ ಹೇಳಿಕೊಡುತ್ತದೆ. ಐದೂವರೆ ಗಂಟೆ ತಪ್ಪಿದ್ದರೆ ಒಂದು ಕಾರಣ. ಸರಿಯಾಗಿ ಒಂದು ದಿನ ತಪ್ಪಿದ್ದರೆ ಇನ್ನೊಂದು. ಜೂನ್ 5 ಹೋಗಿ ಮೇ 6 ಆಗಿದ್ದರೆ ಮತ್ತೊಂದು. ಹಾಗಾಗಿ ಸುಮ್ನೆ ಸೆಟ್ಟಿಂಗ್ಸ್ ತಡಕಾಡುವ ಮೊದಲು ತಪ್ಪನ್ನು ಅಳೆಯಿರಿ. ಕೆಳಗೆ ಲಕ್ಷಣಗಳ ಪ್ರಕಾರ ಬರೆದಿದ್ದೇನೆ. ಮೊದಲ ಭಾಗಗಳು ಯಾರು ಬೇಕಾದರೂ ಮಾಡಬಹುದಾದವು. ಆಮೇಲೆ ಬರುವುದು ಆ್ಯಪ್ ಬರೆಯುವವರಿಗೆ, ಸಹಾಯ ಕೇಳುವ ಕೊನೆಯ ಭಾಗ ಮತ್ತೆ ಎಲ್ಲರಿಗೂ.

ಏನನ್ನೂ ಮುಟ್ಟುವ ಮೊದಲು

ತಪ್ಪು ತೋರಿಸುತ್ತಿರುವ ಕೆಲಸದ ಸ್ಕ್ರೀನ್‌ಶಾಟ್ ತೆಗೆದಿಡಿ. ಫೋನಿನ ಗಡಿಯಾರವೂ ಅದರಲ್ಲಿ ಕಾಣಲಿ. ಆ್ಯಪ್‌ನಲ್ಲಿ ಎಕ್ಸ್‌ಪೋರ್ಟ್ ಇದ್ದರೆ ಎಲ್ಲ ಕೆಲಸಗಳನ್ನೂ ಸಿಎಸ್‌ವಿ ಫೈಲಾಗಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಾದಾ ಪಟ್ಟಿ) ಇಳಿಸಿಕೊಳ್ಳಿ. ಮುಂದೆ ಇದೇ ನಿಮ್ಮ ಸಾಕ್ಷಿ, ಇದೇ ಬ್ಯಾಕಪ್.

ತಪ್ಪಿದ ತಾರೀಖುಗಳನ್ನು ಕೈಯಿಂದ ಒಂದೊಂದಾಗಿ ತಿದ್ದಲು ಹೋಗಬೇಡಿ. ದೋಷ ಇನ್ನೂ ಅಲ್ಲೇ ಇರುವಾಗ ತಿದ್ದಿದರೆ ಯಾವುದು ಮೂಲ, ಯಾವುದು ನೀವು ತಿದ್ದಿದ್ದು ಅಂತ ಗೊತ್ತಾಗದ ಹಾಗೆ ಕಲಸಿಹೋಗುತ್ತದೆ. ಆ್ಯಪ್ ಸರಿಮಾಡಲು ಅಂತ ಫೋನಿನ ಗಡಿಯಾರವನ್ನು ಹಿಂದೆ ಮುಂದೆ ಮಾಡುವುದಂತೂ ಬೇಡವೇ ಬೇಡ. ಲಾಗಿನ್ ಆಗುವಾಗ ಹಾಕುವ, 30 ಸೆಕೆಂಡಿಗೊಮ್ಮೆ ಬದಲಾಗುವ ಆಥೆಂಟಿಕೇಟರ್ ಕೋಡ್‌ಗಳು ಸರಿಯಾದ ಸಮಯವನ್ನೇ ನಂಬಿಕೊಂಡಿವೆ. ಗಡಿಯಾರ ಜಾಸ್ತಿ ತಪ್ಪಿದರೆ ವೆಬ್‌ಸೈಟ್‌ಗಳೂ ಭದ್ರತೆಯ ಎಚ್ಚರಿಕೆ ಕೊಟ್ಟು ತೆರೆಯದೆ ಹೋಗಬಹುದು.

ಇನ್ನೊಂದು ಮಾತು. ದೋಷ ಪತ್ತೆಯಾಗುವ ತನಕ ಮುಖ್ಯ ಗಡುವುಗಳನ್ನು ಗೋಡೆ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ರಿಟರ್ನ್, ಕೋರ್ಟಿನ ತಾರೀಖು, ಪರೀಕ್ಷಾ ಶುಲ್ಕ, ಮನೆಯ ಹಿರಿಯರ ಮಾತ್ರೆ, ಇವೆಲ್ಲ ಈ ಪಟ್ಟಿಯಲ್ಲಿ ಬರಬೇಕು. ಒಂದು ದಿನ ಮೊದಲು ತೋರಿಸಿದರೆ ನಷ್ಟವಿಲ್ಲ. ಒಂದು ದಿನ ತಡವಾಗಿ ತೋರಿಸಿದರೆ ದಂಡ ಕಟ್ಟುವವರು ನೀವು. 3ಬಿ ರಿಟರ್ನ್‌ಗೆ ದಿನಕ್ಕೆ 50 ರೂಪಾಯಿ ತಡ ಶುಲ್ಕ ಬೀಳುತ್ತದೆ, ನಿಲ್ ರಿಟರ್ನ್ ಆದರೆ 20. ತೆರಿಗೆ ಬಾಕಿ ಇದ್ದರೆ ಬಡ್ಡಿ ಬೇರೆ.

ಈಗ ಒಂದು ಪರೀಕ್ಷಾ ಕೆಲಸ ಸೃಷ್ಟಿಸಿ. ಗಡುವು ಮುಂದಿನ ತಿಂಗಳ 25 ಅಂತ ಹಾಕಿ, ಸಮಯ ಹಾಕಬೇಡಿ. 12ಕ್ಕಿಂತ ದೊಡ್ಡ ತಾರೀಖೇ ಇರಲಿ, ಯಾಕೆಂದು ಮುಂದೆ ಹೇಳುತ್ತೇನೆ. ಇನ್ನೊಂದು ಕೆಲಸಕ್ಕೆ ಅದೇ ದಿನ ಬೆಳಗ್ಗೆ 10 ಗಂಟೆ ಅಂತ ಸಮಯವನ್ನೂ ಹಾಕಿ. ಎರಡನ್ನೂ ಫೋನಿನಲ್ಲಿ ಒಮ್ಮೆ, ಕಂಪ್ಯೂಟರಿನ ಬ್ರೌಸರಿನಲ್ಲಿ ಒಮ್ಮೆ ನೋಡಿ. ಮುಂದಿನ ಎಲ್ಲ ಪರೀಕ್ಷೆಗೂ ಇವೆರಡು ಸಾಕು.

ಒಂದು ಫೋನಿನಲ್ಲಿ ಮಾತ್ರ ತಪ್ಪು, ಬೇರೆ ಕಡೆ ಸರಿ

ಇದು ಅತಿ ಸುಲಭದ್ದು. ಆ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ದಿನಾಂಕ ಮತ್ತು ಸಮಯ ತೆರೆಯಿರಿ. ಸಮಯ, ಟೈಮ್ ಝೋನ್ ಎರಡೂ ತಾನಾಗಿ ಹೊಂದಿಕೊಳ್ಳುವ ಹಾಗೆ ಇರಬೇಕು. ಟೈಮ್ ಝೋನ್ ಭಾರತದ್ದು, ಅಂದರೆ ಜಿಎಂಟಿ +5:30 ಅಂತ ತೋರಿಸಬೇಕು. ವಿದೇಶಕ್ಕೆ ಹೋಗಿ ಬಂದವರ ಫೋನಿನಲ್ಲಿ ದುಬೈ ಅಥವಾ ಸಿಂಗಪುರದ ಝೋನ್ ಹಾಗೇ ಉಳಿದಿರುವುದು ಉಂಟು. ಗಡಿಯಾರದ ಮುಳ್ಳನ್ನು ಮಾತ್ರ ಕೈಯಿಂದ ಸರಿಮಾಡಿಕೊಂಡು ಝೋನ್ ಮರೆತಿದ್ದರೆ ಹೊರಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಒಳಗೆ ಲೆಕ್ಕ ತಪ್ಪಿರುತ್ತದೆ.

ಕೆಲವು ಆ್ಯಪ್‌ಗಳು ನಿಮ್ಮ ಖಾತೆಯಲ್ಲಿ ಬೇರೆಯೇ ಒಂದು ಟೈಮ್ ಝೋನ್ ಇಟ್ಟುಕೊಳ್ಳುತ್ತವೆ. ಆ್ಯಪ್‌ನ ಪ್ರೊಫೈಲ್ ಸೆಟ್ಟಿಂಗ್ಸ್‌ನಲ್ಲಿ ಅದನ್ನೂ ನೋಡಿ. ಪಟ್ಟಿಯಲ್ಲಿ ಏಷ್ಯಾ/ಕೋಲ್ಕತಾ ಅಂತ ಇರಬಹುದು, ಹಳೆಯ ಹೆಸರಾದ ಏಷ್ಯಾ/ಕಲ್ಕತ್ತಾ ಅಂತಲೂ ಇರಬಹುದು. ಎರಡೂ ಒಂದೇ, ಗಾಬರಿ ಬೇಡ.

ಹಳೆಯ ಡೆಸ್ಕ್‌ಟಾಪ್ ಆಗಿದ್ದು, ಪ್ರತಿ ಸಲ ಆನ್ ಮಾಡಿದಾಗ ತಾರೀಖು ವರ್ಷಗಟ್ಟಲೆ ಹಿಂದೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಣ್ಣ ಬಿಲ್ಲೆ ಬ್ಯಾಟರಿ ಮುಗಿದಿದೆ. ಸಾಮಾನ್ಯವಾಗಿ ಅದು ಸಿಆರ್2032. ಅಗ್ಗದ ವಸ್ತು, ಯಾವ ಕಂಪ್ಯೂಟರ್ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ತೆಗೆದೇ ಬದಲಾಯಿಸಿ. ಹೊಸ ಬಿಲ್ಲೆಯಾಗಲಿ ಹಳೆಯದಾಗಲಿ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಒಳಗೆ ಸುಟ್ಟಗಾಯ ಮಾಡುತ್ತದೆ, ಕೂಡಲೇ ಆಸ್ಪತ್ರೆಗೆ ಓಡಬೇಕು.

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇಟ್ಟುಕೊಂಡವರಿಗೆ ಇನ್ನೊಂದು ಲಕ್ಷಣ ಕಾಣುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋದಾಗ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಜಿಗಿಯುತ್ತದೆ. ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸ್ ಭಾರತದ ಸಮಯ ಅಂತ ಓದುತ್ತದೆ, ಲಿನಕ್ಸ್ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಅಂತ ಓದುತ್ತದೆ. ಎರಡರಲ್ಲಿ ಒಂದನ್ನು ಇನ್ನೊಂದಕ್ಕೆ ಹೊಂದಿಸಿದರೆ ಮುಗಿಯಿತು.

ಗಡಿಯಾರ, ಝೋನ್ ಎರಡೂ ಸರಿ ಇದ್ದು ತಾರೀಖು ಮಾತ್ರ ಹಳೆಯದಾಗಿದ್ದರೆ ಅದು ಸಿಂಕ್ ಸಮಸ್ಯೆ. ಆ ಫೋನನ್ನು ವೈಫೈಗೆ ಜೋಡಿಸಿ, ಆ್ಯಪ್ ತೆರೆದಿಟ್ಟು ಸ್ವಲ್ಪ ಹೊತ್ತು ಬಿಡಿ.

ಎಲ್ಲ ಕಡೆ ಸರಿಯಾಗಿ ಒಂದು ದಿನ ಹಿಂದೆ

ಭಾರತದಲ್ಲಿ ಕೂತು ಆ್ಯಪ್ ಬಳಸುವವರಿಗೆ ಗಂಟು ಬೀಳುವ ದೋಷ ಇದು. ನಿಧಾನವಾಗಿ ನೋಡೋಣ.

ನಮ್ಮ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದ್ದು. 15 ಡಿಗ್ರಿಗೆ ಒಂದು ಗಂಟೆ, ಹಾಗಾಗಿ ಯುಟಿಸಿಗಿಂತ ನಾವು ಐದೂವರೆ ಗಂಟೆ ಮುಂದೆ. ನಮ್ಮಲ್ಲಿ ಜೂನ್ 20 ಶುರುವಾಗುವ ನಡುರಾತ್ರಿ 12 ಗಂಟೆಗೆ ಯುಟಿಸಿ ಗಡಿಯಾರದಲ್ಲಿ ಇನ್ನೂ ಜೂನ್ 19ರ ಸಂಜೆ ಆರೂವರೆ. ನೀವು ಸಮಯ ಹಾಕದೆ ಬರೀ ಜೂನ್ 20 ಅಂತ ಆರಿಸಿದಾಗ ಎಷ್ಟೋ ಆ್ಯಪ್‌ಗಳು ಒಳಗೊಳಗೇ ಅದನ್ನು ಜೂನ್ 20ರ ನಡುರಾತ್ರಿ 12 ಗಂಟೆ ಅಂತ ಮಾಡಿಕೊಳ್ಳುತ್ತವೆ. ಆಮೇಲೆ ಯುಟಿಸಿಗೆ ತಿರುಗಿಸುತ್ತವೆ. ಆಮೇಲೆ ಸಮಯದ ಭಾಗ ಕತ್ತರಿಸಿ ತಾರೀಖನ್ನು ಮಾತ್ರ ಇಟ್ಟುಕೊಳ್ಳುತ್ತವೆ. ಉಳಿಯುವುದು 19.

ಪತ್ತೆ ಹಚ್ಚುವುದು ಸುಲಭ. ಇಳಿಸಿಕೊಂಡ ಸಿಎಸ್‌ವಿ ಫೈಲ್ ತೆರೆದು ಗಡುವಿನ ಕಾಲಂ ನೋಡಿ. 2025-06-19 18:30:00 ಅಂತ ಇದೆಯೇ? ಸಾಲುಸಾಲಾಗಿ ಎಲ್ಲದರಲ್ಲೂ ಅದೇ 18:30 ಇದೆಯೇ? ಯಾರೂ ಎಲ್ಲ ಕೆಲಸಕ್ಕೂ ಸಂಜೆ ಆರೂವರೆ ಗಡುವು ಹಾಕುವುದಿಲ್ಲ ಅಲ್ವಾ? ಅದು ಭಾರತದ ನಡುರಾತ್ರಿಯ ಗುರುತು. ಫೈಲಿನಲ್ಲಿ ಸಮಯ ಇಲ್ಲದೆ ಬರೀ 19 ಇದ್ದರೆ ಕತ್ತರಿಸುವ ಕೆಲಸವೂ ಮುಗಿದಿದೆ ಅಂತ ಅರ್ಥ.

ಈ ದೋಷ ಅಮೆರಿಕದಲ್ಲಿ ಕೂತು ಆ್ಯಪ್ ಬರೆಯುವವರ ಕಣ್ಣಿಗೆ ಬೀಳುವುದೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಜೂನ್ 20ರ ನಡುರಾತ್ರಿ ಅಂದರೆ ಯುಟಿಸಿಯಲ್ಲಿ ಅದೇ ಜೂನ್ 20ರ ಬೆಳಗ್ಗೆ 7 ಗಂಟೆ. ಕತ್ತರಿಸಿದರೂ 20 ಉಳಿಯುತ್ತದೆ. ನಮ್ಮಲ್ಲಿ ಬರೆಯುವವರಿಗೆ ಇದರ ಅವಳಿ ದೋಷ ಕಾಣುವುದಿಲ್ಲ. ಬರೀ ತಾರೀಖನ್ನು ಓದುವಾಗ ಆ್ಯಪ್ ಅದನ್ನು ಯುಟಿಸಿ ನಡುರಾತ್ರಿ ಅಂತ ತಿಳಿದರೆ ಬೆಂಗಳೂರಿನಲ್ಲಿ ಅದು ಅದೇ ದಿನ ಬೆಳಗ್ಗೆ ಐದೂವರೆ ಆಗುತ್ತದೆ, ತಾರೀಖು ಸರಿಯಾಗಿಯೇ ಕಾಣುತ್ತದೆ. ಕ್ಯಾಲಿಫೋರ್ನಿಯಾದವರಿಗೆ ಹಿಂದಿನ ದಿನದ ಸಂಜೆ 5 ಗಂಟೆಯಾಗಿ ಒಂದು ದಿನ ಹಿಂದೆ ಸರಿಯುತ್ತದೆ. ಹಾಗಾಗಿ ನಿಮ್ಮ ತಂಡದಲ್ಲಿ ಆ ಕಡೆಯವರು ಇದ್ದರೆ ಒಂದೇ ಕೆಲಸವನ್ನು ಇಬ್ಬರೂ ತೆರೆದು ನೋಡಿ. ಇಬ್ಬರಿಗೂ 19 ಕಂಡರೆ ಉಳಿಸುವಾಗ ತಪ್ಪಿದೆ. ನಿಮಗೆ 20, ಅವರಿಗೆ 19 ಕಂಡರೆ ತೋರಿಸುವಾಗ ತಪ್ಪುತ್ತಿದೆ. ರಿಪೇರಿ ಮಾಡುವವರಿಗೆ ಈ ಒಂದು ಮಾಹಿತಿ ಅರ್ಧ ಕೆಲಸ ಉಳಿಸುತ್ತದೆ.

ಇದರ ಇನ್ನೂ ಕೆಟ್ಟ ರೂಪ ಒಂದಿದೆ. ಕೆಲಸದ ಹೆಸರು ತಿದ್ದಿ ಸೇವ್ ಮಾಡಿದಾಗೆಲ್ಲ ಗಡುವು ಒಂದೊಂದು ದಿನ ಹಿಂದೆ ಹೋಗುತ್ತದೆ. 20 ಇದ್ದದ್ದು 19, ಮತ್ತೆ ಸೇವ್ ಮಾಡಿದರೆ 18. ನೀವು ತಾರೀಖನ್ನು ಮುಟ್ಟದಿದ್ದರೂ ಆ್ಯಪ್ ಪ್ರತಿ ಸಲ ಅದನ್ನು ತಿರುಗಿಸಿ ಕತ್ತರಿಸುತ್ತಿದೆ. ಪರೀಕ್ಷಾ ಕೆಲಸವನ್ನು ಎರಡು ಸಲ ತೆರೆದು, ಏನೂ ಬದಲಿಸದೆ ಸೇವ್ ಮಾಡಿ ನೋಡಿ. ತಾರೀಖು ಜರುಗಿದರೆ ಅಲ್ಲಿಗೇ ನಿಲ್ಲಿಸಿ. ಯಾವ ಕೆಲಸವನ್ನೂ ತಿದ್ದಬೇಡಿ, ತಂಡದವರಿಗೂ ಹೇಳಿ, ಆ್ಯಪ್‌ನವರಿಗೆ ತಿಳಿಸಿ. ಮಾಹಿತಿ ಪ್ರತಿ ದಿನ ಇನ್ನಷ್ಟು ಹಾಳಾಗುತ್ತಿರುತ್ತದೆ.

ಆ್ಯಪ್ ಸರಿಯಾಗುವ ತನಕ ಬಳಸಲು ಒಂದು ದಾರಿ ಇದೆ. ಗಡುವಿಗೆ ಮಧ್ಯಾಹ್ನ 12 ಗಂಟೆ ಅಂತ ಸಮಯ ಸೇರಿಸಿ. ನಮ್ಮ ಮಧ್ಯಾಹ್ನ ಯುಟಿಸಿಯಲ್ಲಿ ಅದೇ ದಿನದ ಬೆಳಗ್ಗೆ ಆರೂವರೆ. ಕತ್ತರಿಸಿದರೂ ದಿನ ತಪ್ಪುವುದಿಲ್ಲ. ಒಂದು ದಿನ ಜಾಸ್ತಿ ಹಾಕಿ ಸರಿದೂಗಿಸುವ ಉಪಾಯ ಮಾತ್ರ ಬೇಡ. ಆ್ಯಪ್ ಸರಿಯಾದ ದಿನವೇ ನಿಮ್ಮ ಗಡುವುಗಳೆಲ್ಲ ಒಂದು ದಿನ ತಡವಾಗಿಬಿಡುತ್ತವೆ.

ನಡುರಾತ್ರಿಯಿಂದ ಬೆಳಗಿನ ಐದೂವರೆವರೆಗೆ ಮಾತ್ರ ತಪ್ಪು

ರಾತ್ರಿ ಪಾಳಿಯವರು, ನಿದ್ದೆಗೆಟ್ಟು ಓದುವ ವಿದ್ಯಾರ್ಥಿಗಳು ಇದನ್ನು ಮೊದಲು ಗಮನಿಸುತ್ತಾರೆ. ಹನ್ನೆರಡು ದಾಟಿದೆ, ಫೋನಿನ ಮೇಲೆ ಹೊಸ ತಾರೀಖು ಬಂದಿದೆ. ಆ್ಯಪ್‌ನ ‘ಇಂದು’ ಪಟ್ಟಿಯಲ್ಲಿ ಮಾತ್ರ ಇನ್ನೂ ನಿನ್ನೆಯ ಕೆಲಸಗಳು. ಬೆಳಗ್ಗೆ ಎದ್ದು ನೋಡಿದರೆ ಎಲ್ಲ ಸರಿ. ಹೀಗಾದರೆ ಇವತ್ತು ಯಾವ ದಿನ ಅಂತ ತೀರ್ಮಾನಿಸುತ್ತಿರುವುದು ನಿಮ್ಮ ಫೋನ್ ಅಲ್ಲ, ಯುಟಿಸಿ ಸಮಯದಲ್ಲಿರುವ ಸರ್ವರ್, ಅಂದರೆ ಆ್ಯಪ್‌ನವರ ಕಂಪ್ಯೂಟರ್. ಅದರ ದಿನ ಬದಲಾಗುವುದು ನಮ್ಮ ಬೆಳಗಿನ ಐದೂವರೆಗೆ.

ಇದೇ ಸರ್ವರ್ ಇಮೇಲ್ ಕಳಿಸುತ್ತಿದ್ದರೆ ಇನ್ನೊಂದು ಗುರುತು ಸಿಗುತ್ತದೆ. ಬೆಳಗ್ಗೆ 7 ಗಂಟೆಗೆ ಬರಬೇಕಾದ ದಿನದ ಪಟ್ಟಿ ಮಧ್ಯಾಹ್ನ ಹನ್ನೆರಡೂವರೆಗೆ ಬರುತ್ತದೆ.

ಕೆಲಸ ಕೆಂಪಗಾಗುವ ಹೊತ್ತನ್ನೂ ಗಮನಿಸಿ. ಇವತ್ತೇ ಗಡುವು ಇರುವ ಕೆಲಸ ಇವತ್ತು ಪೂರ್ತಿ ಕೆಂಪಗಾಗಬಾರದು, ನಾಳೆ ಆಗಬೇಕು. ಇವತ್ತು ಶುರುವಾಗುವ ನಡುರಾತ್ರಿ 12ಕ್ಕೇ ‘ಗಡುವು ಮೀರಿದೆ’ ಅಂತ ಬಂದರೆ ಆ್ಯಪ್ ಗಡುವನ್ನು ದಿನದ ಕೊನೆಗೆ ಬದಲು ದಿನದ ಆರಂಭಕ್ಕೆ ಇಟ್ಟಿದೆ. ಬೆಳಗ್ಗೆ ಐದೂವರೆಗೆ ಬಂದರೆ ಅದೇ ತಪ್ಪು, ಜೊತೆಗೆ ಯುಟಿಸಿ ತಪ್ಪೂ ಸೇರಿದೆ.

ನಮ್ಮಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ ಅನ್ನುವ ರೂಢಿ ಇನ್ನೂ ಇದೆ. ಶುಕ್ರವಾರ ರಾತ್ರಿ ಒಂದು ಗಂಟೆ ಅಂದರೆ ಮನಸ್ಸಿನಲ್ಲಿ ಅದು ಶುಕ್ರವಾರವೇ. ಆ್ಯಪ್‌ಗೆ ಅದು ಶನಿವಾರ. ತಡರಾತ್ರಿ ಕೆಲಸ ಹಾಕುವಾಗ ‘ನಾಳೆ’ ಅಂತ ಒತ್ತದೆ ತಾರೀಖನ್ನೇ ಆರಿಸಿ. ಇಲ್ಲದಿದ್ದರೆ ಆ್ಯಪ್‌ನ ತಪ್ಪಿಲ್ಲದೆಯೂ ಒಂದು ದಿನ ಆಚೆ ಹೋಗುತ್ತದೆ.

ದಿನ ಮತ್ತು ತಿಂಗಳು ಅದಲು ಬದಲು

ಜೂನ್ 5 ಅಂತ ಹಾಕಿದ್ದು ಮೇ 6 ಆಗಿದೆ. 13ರಿಂದ ಮೇಲಿನ ತಾರೀಖುಗಳು ಒಂದೋ ಸರಿಯಾಗಿವೆ, ಇಲ್ಲವೇ ಖಾಲಿ ಬಂದಿವೆ. ಇದು 05/06 ಅನ್ನುವುದನ್ನು ನಾವು ದಿನ ಮೊದಲು ಅಂತ, ಅಮೆರಿಕದವರು ತಿಂಗಳು ಮೊದಲು ಅಂತ ಓದುವುದರಿಂದ ಬರುವ ತೊಂದರೆ. ಹೆಚ್ಚಾಗಿ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಿಂದ ಪಟ್ಟಿ ತಂದು ತುಂಬಿದಾಗ ಆಗುತ್ತದೆ.

ಎಕ್ಸೆಲ್‌ನಲ್ಲಿ ಆ ಫೈಲ್ ತೆರೆದು ತಾರೀಖಿನ ಕಾಲಂ ನೋಡಿ. ನೀವಾಗಿ ಜೋಡಣೆ ಬದಲಿಸಿಲ್ಲದಿದ್ದರೆ ನಿಜವಾದ ತಾರೀಖುಗಳು ಬಲಕ್ಕೆ ಅಂಟಿಕೊಂಡಿರುತ್ತವೆ. ಬರೀ ಅಕ್ಷರ ಅಂತ ಉಳಿದವು ಎಡಕ್ಕೆ. ಒಂದೇ ಕಾಲಂನಲ್ಲಿ 04/06, 09/06, 11/06 ಬಲಕ್ಕೆ ಇದ್ದು 14/06, 23/06 ಎಡಕ್ಕೆ ಇದ್ದರೆ ವಿಷಯ ಸ್ಪಷ್ಟ. ಎಕ್ಸೆಲ್ ತಿಂಗಳು ಮೊದಲು ಅಂತ ಓದುತ್ತಿದೆ. 14ನೇ ತಿಂಗಳು ಇಲ್ಲದ್ದರಿಂದ ಅದನ್ನು ತಾರೀಖು ಅಂತ ಒಪ್ಪಿಲ್ಲ. ಬಲಕ್ಕೆ ಇರುವವು ಸರಿಯಾಗಿವೆ ಅಂತ ಕಣ್ಣಿಗೆ ಅನ್ನಿಸುತ್ತದೆ, ತಪ್ಪಾಗಿರುವವು ಅವೇ. 06/06 ಥರದವು ಮಾತ್ರ ಎರಡೂ ಕಡೆಯಿಂದ ಒಂದೇ ಆದ್ದರಿಂದ ಪಾರಾಗುತ್ತವೆ. ಪರೀಕ್ಷಾ ಕೆಲಸಕ್ಕೆ 25 ಹಾಕಲು ಹೇಳಿದ್ದು ಇದಕ್ಕೇ. 25 ಸರಿಯಾಗಿ ಬಂದು 5 ತಪ್ಪಿದರೆ ಯುಟಿಸಿಯ ಗೊಡವೆಗೆ ಹೋಗಬೇಕಿಲ್ಲ.

ಗೂಗಲ್ ಶೀಟ್ಸ್‌ನಲ್ಲಿ ಫೈಲ್ ಮೆನುವಿನ ಸೆಟ್ಟಿಂಗ್ಸ್ ತೆರೆದು ಲೊಕೇಲ್ (ಯಾವ ದೇಶದ ರೂಢಿ ಅನ್ನುವ ಆಯ್ಕೆ) ಭಾರತ ಅಂತ ಮಾಡಿ. ಗಮನಿಸಿ, ಈಗಾಗಲೇ ತಪ್ಪಾಗಿ ತಾರೀಖಾದವು ಇದರಿಂದ ತಿರುಗಿ ಸರಿಯಾಗುವುದಿಲ್ಲ. ಮೂಲ ಫೈಲನ್ನು ಹೊಸದಾಗಿ ತುಂಬಬೇಕು. ಇನ್ನು ಮುಂದೆ ತುಂಬುವ ಪಟ್ಟಿಯಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಅಂತ 2025-06-05 ರೀತಿ ಬರೆಯಿರಿ. ಐಎಸ್‌ಒ 8601 ಅನ್ನುವ ಮಾನಕದ ಕ್ರಮ ಇದು. ಯಾವ ದೇಶದ ಆ್ಯಪ್‌ಗೂ ಗೊಂದಲ ಆಗದು.

ತಿಂಗಳಿಗೊಮ್ಮೆ ಬರುವ ಕೆಲಸ ಎಲ್ಲೆಲ್ಲೋ ಹೋಗುತ್ತಿದೆ

31ಕ್ಕೆ ಬಾಡಿಗೆ ಅಂತ ಹಾಕಿದ್ದೀರಿ. ಫೆಬ್ರುವರಿಯಲ್ಲಿ 31 ಇಲ್ಲ. ಆಗ ಏನು ಮಾಡಬೇಕು ಅನ್ನುವುದಕ್ಕೆ ಆ್ಯಪ್‌ಗಳಲ್ಲಿ ಒಮ್ಮತ ಇಲ್ಲ. ಕ್ಯಾಲೆಂಡರ್‌ಗಳ ನಡುವೆ ಮಾಹಿತಿ ಸಾಗಿಸುವ ಐಕ್ಯಾಲೆಂಡರ್ ಮಾನಕದ ಪ್ರಕಾರ ಇಲ್ಲದ ತಾರೀಖನ್ನು ಬಿಟ್ಟುಬಿಡಬೇಕು. ಅಂದರೆ ಆ ತಿಂಗಳು ಕೆಲಸವೇ ಬರುವುದಿಲ್ಲ. ಕೆಲವು ಆ್ಯಪ್‌ಗಳು 28ಕ್ಕೆ ತರುತ್ತವೆ. ಅವುಗಳಲ್ಲಿ ಕೆಲವು ಮಾರ್ಚ್‌ನಲ್ಲೂ 28ಕ್ಕೇ ಅಂಟಿಕೊಂಡು 31ಕ್ಕೆ ಮರಳುವುದಿಲ್ಲ. ಮಾರ್ಚ್ 3 ಅಂತ ತೋರಿಸಿದರೆ ಅದು ಅಪ್ಪಟ ದೋಷ. ಫೆಬ್ರುವರಿ 31ನ್ನು 28ರ ಮೇಲೆ ಮೂರು ದಿನ ಅಂತ ಎಣಿಸಿ ಮುಂದೆ ದಾಟಿಸಿದೆ. ಆ್ಯಪ್ ಬರೆಯಲು ಬಳಸುವ ಜಾವಾಸ್ಕ್ರಿಪ್ಟ್ ಭಾಷೆ ತಾನಾಗಿ ಮಾಡುವುದು ಇದನ್ನೇ. ಆ್ಯಪ್‌ನಲ್ಲಿ ‘ತಿಂಗಳ ಕೊನೆಯ ದಿನ’ ಅನ್ನುವ ಆಯ್ಕೆ ಇದ್ದರೆ ಅದನ್ನು ಬಳಸಿ.

ತಡವಾಗಿ ಮುಗಿಸಿದ ಮೇಲೆ ಮಾತ್ರ ಮುಂದಿನ ತಾರೀಖು ಜರುಗುತ್ತಿದ್ದರೆ ಅದು ದೋಷ ಆಗಿರಲಿಕ್ಕಿಲ್ಲ. ಮುಗಿಸಿದ ದಿನದಿಂದ ಎಣಿಸುವ ಆಯ್ಕೆ ಆನ್ ಆಗಿರುತ್ತದೆ. ಟೊಡೊಯಿಸ್ಟ್ ಅನ್ನುವ ಟಾಸ್ಕ್ ಆ್ಯಪ್‌ನಲ್ಲಿ ಇಂಗ್ಲಿಷಿನ ‘ಎವ್ರಿ’ ಪದದ ಕೊನೆಗೆ ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಮುಗಿಸಿದ ದಿನದಿಂದ ಎಣಿಕೆ, ಇಲ್ಲದಿದ್ದರೆ ಮೂಲ ತಾರೀಖಿನಿಂದ. ಗಿಡಕ್ಕೆ ಗೊಬ್ಬರ ಹಾಕುವುದಕ್ಕೆ ಮೊದಲನೆಯದು ಸರಿ. 7ನೇ ತಾರೀಖಿನೊಳಗೆ ಕಟ್ಟಬೇಕಾದ ಟಿಡಿಎಸ್‌ಗೆ ಎರಡನೆಯದೇ ಬೇಕು.

ಅಮೆರಿಕದ ತಂಡದ ಜೊತೆಗಿನ ಕೆಲಸ ಮಾರ್ಚ್ ಮತ್ತು ನವೆಂಬರ್‌ನಲ್ಲಿ ಒಂದು ಗಂಟೆ ಜರುಗಿದರೆ ಚಿಂತೆ ಬೇಡ. ಅವರು ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದೆ ಮಾಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ ಮಾಡುತ್ತಾರೆ. ನಾವು ಮಾಡುವುದಿಲ್ಲ.

ವರ್ಷವೇ ತಪ್ಪಿದೆ

ಡಿಸೆಂಬರ್‌ನ ಕೊನೆಯ ಕೆಲವು ದಿನಗಳಲ್ಲಿ ಮಾತ್ರ ಗಡುವು ಒಂದು ವರ್ಷ ಮುಂದೆ ಹೋದರೆ ಆ್ಯಪ್ ಬರೆದವರು ವರ್ಷದ ಫಾರ್ಮ್ಯಾಟ್‌ನಲ್ಲಿ ಸಣ್ಣ ವೈ ಅಕ್ಷರದ ಬದಲು ದೊಡ್ಡ ವೈ ಹಾಕಿದ್ದಾರೆ. ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ದೊಡ್ಡದು ವಾರದ ಲೆಕ್ಕದ ವರ್ಷ. 2024ರ ಡಿಸೆಂಬರ್ 30 ಸೋಮವಾರ. ಆ ವಾರ 2025ರ ಮೊದಲ ವಾರ ಆದ್ದರಿಂದ 2025ರ ಡಿಸೆಂಬರ್ 30 ಅಂತ ಬರುತ್ತದೆ. ಬಳಸುವವರು ಇದಕ್ಕೆ ಏನೂ ಮಾಡಲಾಗದು. ತಿಳಿಸಿ, ಜನವರಿ ಬರುವ ತನಕ ತಾರೀಖು ಕಣ್ಣಿಟ್ಟು ನೋಡಿಕೊಳ್ಳಿ.

ತಾರೀಖು ಸರಿ, ಜ್ಞಾಪನೆ ಮಾತ್ರ ಬರುತ್ತಿಲ್ಲ

ಇದು ತಾರೀಖಿನ ದೋಷವಲ್ಲ, ಫೋನಿನ ಅನುಮತಿಯ ವಿಷಯ. ಆಂಡ್ರಾಯ್ಡ್ 12ರಿಂದ ಅಲಾರಂ ಮತ್ತು ರಿಮೈಂಡರ್‌ಗೆ ಪ್ರತ್ಯೇಕ ಅನುಮತಿ ಬಂದಿದೆ. 14ರಿಂದ ಹೊಸದಾಗಿ ಹಾಕಿದ ಹೆಚ್ಚಿನ ಆ್ಯಪ್‌ಗಳಿಗೆ ಅದು ತಾನಾಗಿ ಸಿಗುವುದಿಲ್ಲ. ಆ್ಯಪ್‌ನ ಅನುಮತಿಗಳಲ್ಲಿ ಅದನ್ನು ಆನ್ ಮಾಡಿ. ಆ ಆ್ಯಪ್‌ಗೆ ಬ್ಯಾಟರಿ ಮಿತಿ ಹಾಕಿದ್ದರೆ ತೆಗೆಯಿರಿ. ಮಾತ್ರೆಯ ಜ್ಞಾಪನೆಗೆ ಟಾಸ್ಕ್ ಆ್ಯಪ್ ಒಂದನ್ನೇ ನಂಬಬೇಡಿ, ಫೋನಿನ ಗಡಿಯಾರದಲ್ಲಿ ಅಲಾರಂ ಕೂಡ ಇಡಿ.

ಗೂಗಲ್ ಟಾಸ್ಕ್ಸ್‌ಗೆ ಬೇರೆ ಆ್ಯಪ್ ಜೋಡಿಸಿದಾಗ ತಾರೀಖು ಬಂದು ಸಮಯ ಬಾರದಿದ್ದರೆ ಹುಡುಕುತ್ತಾ ಕೂರಬೇಡಿ. ಹೊರಗಿನ ಆ್ಯಪ್‌ಗಳು ಕಳಿಸುವ ಗಡುವಿನಲ್ಲಿ ಅದು ತಾರೀಖನ್ನು ಮಾತ್ರ ಇಟ್ಟುಕೊಂಡು ಸಮಯ ಬಿಟ್ಟುಬಿಡುತ್ತದೆ.

ಆ್ಯಪ್ ಬರೆಯುವವರಿಗೆ

ನನ್ನ ಗಟ್ಟಿ ಅಭಿಪ್ರಾಯ ಒಂದೇ. ಗಡುವಿನ ತಾರೀಖು ಒಂದು ದಿನ, ಒಂದು ಕ್ಷಣ ಅಲ್ಲ. ನವೆಂಬರ್ 1ರ ರಾಜ್ಯೋತ್ಸವ ಬೆಂಗಳೂರಿನ ಕ್ಯಾಲೆಂಡರ್‌ನಲ್ಲೂ ಡಲ್ಲಾಸ್‌ನ ಕ್ಯಾಲೆಂಡರ್‌ನಲ್ಲೂ ನವೆಂಬರ್ 1ರ ಚೌಕದಲ್ಲೇ ಇರುತ್ತದೆ. ಯಾರೂ ಅದನ್ನು ಯುಟಿಸಿಗೆ ತಿರುಗಿಸುವುದಿಲ್ಲ. ಬಳಸುವವರು ಸಮಯ ಹಾಕದಿದ್ದರೆ ನೀವು ಸಮಯ ಹುಟ್ಟಿಸಬೇಡಿ. ಡೇಟಾಬೇಸ್‌ನಲ್ಲಿ ಡೇಟ್ ಕಾಲಂ ಇಡಿ, ದಾರಿಯುದ್ದಕ್ಕೂ 2025-06-20 ಅನ್ನುವ ಅಕ್ಷರ ಸಾಲಾಗಿಯೇ ಸಾಗಿಸಿ. ಸಮಯ ಹಾಕಿದ ಗಡುವಿಗೆ ಬೇರೆ ಕಾಲಂ ಇರಲಿ, ಜೊತೆಗೆ ಝೋನ್‌ನ ಹೆಸರೂ ಇರಲಿ.

ಜಾವಾಸ್ಕ್ರಿಪ್ಟ್‌ನಲ್ಲಿ ಹುಡುಕಬೇಕಾದ ಜಾಗ ಎರಡು. ‘ಟು ಐಎಸ್‌ಒ ಸ್ಟ್ರಿಂಗ್’ ಕರೆದು ಮೊದಲ ಹತ್ತು ಅಕ್ಷರ ಕತ್ತರಿಸುವ ಸಾಲು ಒಂದು. ಭಾರತದ ದೋಷ ಅಲ್ಲಿದೆ. ಬರೀ ತಾರೀಖಿನ ಸಾಲನ್ನು ‘ನ್ಯೂ ಡೇಟ್’ಗೆ ಕೊಡುವ ಜಾಗ ಇನ್ನೊಂದು. ಬರೀ ತಾರೀಖು ಕೊಟ್ಟರೆ ಅದು ಯುಟಿಸಿ ಅಂತ ಓದುತ್ತದೆ, ಪಕ್ಕದಲ್ಲಿ ಸಮಯ ಸೇರಿಸಿದರೆ ಸ್ಥಳೀಯ ಸಮಯ ಅಂತ ಓದುತ್ತದೆ. ಅಮೆರಿಕದ ದೋಷ ಅಲ್ಲಿದೆ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ತಪ್ಪಿ ಸರ್ವರ್‌ನಲ್ಲಿ ಸರಿ ಇದ್ದರೆ ಡೇಟಾಬೇಸ್ ಡ್ರೈವರ್ ನೋಡಿ. ನೋಡ್‌ಜೆಎಸ್‌ನ ಪೋಸ್ಟ್‌ಗ್ರೆಸ್ ಡ್ರೈವರ್ ಡೇಟ್ ಕಾಲಂ ಓದಿ ಆ ಯಂತ್ರದ ನಡುರಾತ್ರಿಯನ್ನು ಕೈಗೆ ಕೊಡುತ್ತದೆ. ಜೇಸನ್ ಮಾಡಿದ ಕೂಡಲೇ ಹಿಂದಿನ ದಿನದ 18:30 ಆಗುತ್ತದೆ. ಡೇಟ್ ಅನ್ನು ಅಕ್ಷರ ಸಾಲಾಗಿಯೇ ಕೊಡುವ ಹಾಗೆ ಡ್ರೈವರ್ ಹೊಂದಿಸಿ.

ಸಮಯ ಸರಿಯಾಗಿ ಮೂರೂವರೆ ಗಂಟೆ ತಡವಾಗಿದ್ದರೆ ಐಎಸ್‌ಟಿ ಅನ್ನುವ ಮೂರಕ್ಷರ ಹುಡುಕಿ. ಭಾರತ, ಇಸ್ರೇಲ್, ಐರ್ಲೆಂಡ್ ಮೂರೂ ದೇಶದವರು ಅದನ್ನು ಬಳಸುತ್ತಾರೆ. ಪೋಸ್ಟ್‌ಗ್ರೆಸ್‌ನ ಮೂಲ ಹೊಂದಿಕೆಯಲ್ಲಿ ಅದು ಇಸ್ರೇಲ್‌ನದು. ಝೋನ್‌ಗೆ ಏಷ್ಯಾ/ಕೋಲ್ಕತಾ ಅಂತ ಪೂರ್ತಿ ಹೆಸರು ಬರೆಯಿರಿ.

‘ಇಂದು’ ಅನ್ನುವುದನ್ನು ಬಳಸುವವರ ಝೋನ್‌ನಲ್ಲಿ ಕೇಳಿ, ಸರ್ವರ್‌ನ ಝೋನ್‌ನಲ್ಲಿ ಅಲ್ಲ. ಜ್ಯಾಂಗೋದ ಹೊಸ ಪ್ರಾಜೆಕ್ಟ್ ಯುಟಿಸಿಯಲ್ಲೇ ಶುರುವಾಗುತ್ತದೆ ಅನ್ನುವುದು ನೆನಪಿರಲಿ. ಪರೀಕ್ಷೆಗಳನ್ನು ಕೋಲ್ಕತಾ, ಲಾಸ್ ಏಂಜಲೀಸ್, +5:45 ಇರುವ ಕಠ್ಮಂಡು, +14 ಇರುವ ಕಿರಿಟಿಮಾಟಿ ಝೋನ್‌ಗಳಲ್ಲಿ ಓಡಿಸಿ. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ಸೆನ್ಸರ್ಸ್ ಅನ್ನುವ ಫಲಕದಿಂದ ಬ್ರೌಸರಿನ ಝೋನ್ ಬದಲಿಸಬಹುದು, ಕಂಪ್ಯೂಟರಿನ ಗಡಿಯಾರ ಮುಟ್ಟಬೇಕಿಲ್ಲ.

ಹಾಳಾದ ಹಳೆಯ ಮಾಹಿತಿ ಸರಿಪಡಿಸುವುದು ಇಡೀ ಕೆಲಸದ ಅಪಾಯದ ಭಾಗ. ಮೊದಲು ಕೋಡ್ ಸರಿಮಾಡಿ ಬಿಡುಗಡೆ ಮಾಡಿ, ಆಮೇಲೆ ಮಾಹಿತಿಗೆ ಕೈಹಾಕಿ. ಬ್ಯಾಕಪ್ ತೆಗೆದು, ಅದನ್ನು ಬೇರೆ ಕಡೆ ತೆರೆದು ಓದಲು ಬರುತ್ತದೆಯೇ ನೋಡಿ. ಮಾಹಿತಿ ಬದಲಿಸುವ ಆಜ್ಞೆಗೆ ಮೊದಲು ಅದೇ ಷರತ್ತಿನಲ್ಲಿ ಸಾಲುಗಳನ್ನು ಬರೀ ಓದಿ ನೋಡಿ. 18:30 ಇರುವ ಎಲ್ಲ ಸಾಲೂ ಹಾಳಾದವು ಅಲ್ಲ, ನಡುರಾತ್ರಿ 12ಕ್ಕೇ ಗಡುವು ಹಾಕಿದವರೂ ಇರಬಹುದು, ಶ್ರೀಲಂಕಾದವರ ಸಮಯವೂ +5:30. ಸಮಯ ಕತ್ತರಿಸಿಹೋಗಿ ಬರೀ 19 ಉಳಿದ ಸಾಲುಗಳಲ್ಲಿ ಯಾವುದು ನಿಜವಾದ 19 ಅಂತ ಡೇಟಾಬೇಸ್ ನೋಡಿ ಹೇಳಲಾಗದು. ಬದಲಾವಣೆಯ ಲಾಗ್ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ಬಳಸುವವರನ್ನೇ ಕೇಳಿ. ಊಹೆಯ ಮೇಲೆ ಎಲ್ಲಕ್ಕೂ ಒಂದು ದಿನ ಸೇರಿಸಿದರೆ ಸರಿ ಇದ್ದವೂ ತಪ್ಪುತ್ತವೆ.

ಯಾವಾಗ ಸಹಾಯ ಕೇಳಬೇಕು, ಏನು ಬರೆಯಬೇಕು

ಗಡಿಯಾರ, ಝೋನ್, ಶೀಟಿನ ಲೊಕೇಲ್ ಮೂರನ್ನೂ ನೋಡಿದ ಮೇಲೂ ಹೊಸ ಪರೀಕ್ಷಾ ಕೆಲಸ ತಪ್ಪುತ್ತಿದ್ದರೆ ನಿಮ್ಮ ಕಡೆ ಮಾಡುವಂಥದ್ದು ಉಳಿದಿಲ್ಲ. ಸೇವ್ ಮಾಡಿದಾಗೆಲ್ಲ ಜರುಗುತ್ತಿದ್ದರೆ ಅಷ್ಟೂ ಕಾಯಬೇಡಿ, ಇವತ್ತೇ ಬರೆಯಿರಿ.

‘ತಾರೀಖು ತಪ್ಪು ತೋರಿಸುತ್ತಿದೆ’ ಅಂತ ಮಾತ್ರ ಬರೆದರೆ ಆ್ಯಪ್ ತೆಗೆದು ಮತ್ತೆ ಹಾಕಿ ಅನ್ನುವ ಉತ್ತರವೇ ಬರುವುದು. ಹೀಗೆ ಬರೆಯಿರಿ: ‘ಟೈಮ್ ಝೋನ್ ಏಷ್ಯಾ/ಕೋಲ್ಕತಾ. ಆಂಡ್ರಾಯ್ಡ್ 14. ಸಮಯವಿಲ್ಲದೆ ಜೂನ್ 20 ಅಂತ ಆರಿಸಿ ಬೆಳಗ್ಗೆ 11ಕ್ಕೆ ಸೇವ್ ಮಾಡಿದೆ. ಫೋನ್ ಮತ್ತು ವೆಬ್ ಎರಡರಲ್ಲೂ ಜೂನ್ 19 ಕಾಣುತ್ತಿದೆ. ಎಕ್ಸ್‌ಪೋರ್ಟ್ ಫೈಲಿನಲ್ಲಿ 2025-06-19 18:30:00 ಇದೆ. ಸಮಯ ಸೇರಿಸಿದರೆ ತಾರೀಖು ಸರಿಯಾಗಿ ಉಳಿಯುತ್ತದೆ.’ ಆ್ಯಪ್‌ನ ಆವೃತ್ತಿ ಸಂಖ್ಯೆ ಮತ್ತು ಸ್ಕ್ರೀನ್‌ಶಾಟ್ ಸೇರಿಸಿ. ಎಕ್ಸ್‌ಪೋರ್ಟ್ ಫೈಲನ್ನು ಪೂರ್ತಿ ಕಳಿಸಬೇಡಿ, ಅದರಲ್ಲಿ ಗ್ರಾಹಕರ ಹೆಸರು, ಫೋನ್ ನಂಬರ್ ಇರಬಹುದು. ಪರೀಕ್ಷಾ ಕೆಲಸದ ಒಂದು ಸಾಲು ಸಾಕು.

ಅವರು ಸರಿಮಾಡಿದೆವು ಅಂದ ಮೇಲೆ ಹಗಲಲ್ಲಿ ಒಮ್ಮೆ ನೋಡಿ ಬಿಡಬೇಡಿ. ಹಗಲಲ್ಲಿ ಒಂದು, ನಡುರಾತ್ರಿ ದಾಟಿದ ಮೇಲೆ ಒಂದು ಹೊಸ ಕೆಲಸ ಸೇರಿಸಿ. ಎರಡೂ ಬೆಳಗಿನ ಐದೂವರೆ ಕಳೆದ ಮೇಲೂ ಅದೇ ತಾರೀಖಿನಲ್ಲಿ ಉಳಿದಿದ್ದರೆ ಗೋಡೆ ಕ್ಯಾಲೆಂಡರ್‌ನ ಗಡುವುಗಳನ್ನು ಆ್ಯಪ್‌ನ ಜೊತೆ ಒಂದೊಂದಾಗಿ ತಾಳೆ ನೋಡಿ.